ಬಾವಿಯ ಮೇಲಿನ ದೀಪ

"ಸರ್, ವಿಕಿರಣಕ್ಕೆ ಮಿತಿ ಅಂತ ಇಟ್ಟಿರೋದು ನಿಜವಾದ ಅಪಾಯಕ್ಕಿಂತ ಎಷ್ಟೋ ಕೆಳಗೆ ಅಲ್ವಾ? ಸ್ವಲ್ಪ ದಾಟಿದ್ರೆ ಏನಾಗುತ್ತೆ?"

ಹೀಗೆ ಕೇಳಿದವನು ಇಂದುಧರ. ಪರಮಾಣು ಎಂಜಿನಿಯರಿಂಗ್ ವಿಭಾಗದಲ್ಲಿ ಪಿಎಚ್.ಡಿ. ಮಾಡುತ್ತ ಐದನೆಯ ವರ್ಷಕ್ಕೆ ಬಂದಿದ್ದ. ಕೇಳಿಸಿಕೊಂಡವರು ಅವನ ಗೈಡ್ ತಿಪ್ಪೇರುದ್ರಯ್ಯ. ವಿಭಾಗದ ಹುಡುಗರ ಬಾಯಲ್ಲಿ ಉಳಿದವರೆಲ್ಲ ಪ್ರೊಫೆಸರುಗಳು, ಇವರೊಬ್ಬರು ಮಾತ್ರ ಮೇಷ್ಟರು. ಕೇಳಿದ್ದಕ್ಕೆ ಇವರು ನೇರವಾಗಿ ಉತ್ತರ ಕೊಟ್ಟದ್ದನ್ನು ಕಂಡವರು ಕಡಿಮೆ.

ಪ್ರಶ್ನೆಯೇನೋ ಪಾಠದ ಪ್ರಶ್ನೆಯಂತೆಯೇ ಇತ್ತು. ಕೇಳಿದವನ ಅಂಗೈ ಮಾತ್ರ ಬೆವೆತಿತ್ತು. ಕುರ್ಚಿಯ ತುದಿಯಲ್ಲಿ ಕೂತು ಗೋಡೆ ಗಡಿಯಾರ ನೋಡಿದ. ಹತ್ತೂಮುಕ್ಕಾಲು. ಹನ್ನೊಂದಕ್ಕೆ ಪ್ರಯೋಗದ ಹಾಲ್ ಅವನಿಗೆ ಸಿಗಬೇಕು. ಇನ್ನು ಹನ್ನೆರಡು ದಿನಕ್ಕೆ ರಿಪೇರಿಯ ಸಲುವಾಗಿ ಹಾಲಿಗೆ ಬೀಗ ಬೀಳುತ್ತದೆ, ಮತ್ತೆ ತೆಗೆಯುವುದು ಎಂಟು ತಿಂಗಳ ಮೇಲೆ. ಅವನಿಗೆ ಉಳಿದಿದ್ದುದು ಹನ್ನೊಂದು ಅಳತೆ. ಹೊಸ ಬಗೆಯ ಕಾಂಕ್ರೀಟು ನ್ಯೂಟ್ರಾನುಗಳನ್ನು ಎಷ್ಟು ತಡೆಯುತ್ತದೆ ಎಂಬುದು ಅವನ ವಿಷಯ. ಅದೇ ಕೆಲಸವನ್ನು ಹೊರದೇಶದ ಒಂದು ತಂಡವೂ ಹಿಡಿದಿದೆ ಎಂದು ಹೋದ ತಿಂಗಳು ಗೊತ್ತಾಗಿತ್ತು. ಅವರು ಮೊದಲು ಮುಗಿಸಿದರೆ ಇವನು ಬೇರೆ ವಿಷಯ ಹುಡುಕಿಕೊಂಡು ಮೊದಲಿಂದ ಶುರುಮಾಡಬೇಕು. ಐದು ವರ್ಷ ನೀರಿನಲ್ಲಿ ಹೋಮ. ಆ ಹೆದರಿಕೆ ಅವನನ್ನು ಊಟಕ್ಕೂ ನೆಟ್ಟಗೆ ಕೂರಗೊಡುತ್ತಿರಲಿಲ್ಲ.

ಆ ಹಾಲಿಗೆ ಹೋಗುವವರೆಲ್ಲ ಎದೆಗೊಂದು ಬ್ಯಾಡ್ಜ್ ಸಿಕ್ಕಿಸಿಕೊಳ್ಳಬೇಕು. ಬೆಂಕಿಪೊಟ್ಟಣದಷ್ಟು ದೊಡ್ಡದು. ಅದು ಯಾರನ್ನೂ ಕಾಪಾಡುವುದಿಲ್ಲ. ಧರಿಸಿದವನ ಮೈಮೇಲೆ ಎಷ್ಟು ವಿಕಿರಣ ಬಿತ್ತು ಎಂದು ಸುಮ್ಮನೆ ನೆನಪಿಟ್ಟುಕೊಳ್ಳುತ್ತದೆ. ತಿಂಗಳಿಗೊಮ್ಮೆ ಅದನ್ನು ಓದಿಸುತ್ತಾರೆ. ಅಂಕಿ ವಿಭಾಗದ ಮಿತಿ ದಾಟಿದರೆ ಮೂರು ತಿಂಗಳು ಹಾಲಿಗೆ ಪ್ರವೇಶವಿಲ್ಲ. ಎರಡು ತಿಂಗಳ ಹಿಂದೆ ಇಂದುಧರನ ಅಂಕಿ ಮಿತಿಯ ಹೊಸ್ತಿಲಿಗೇ ಬಂದು ನಿಂತಿತ್ತು. ಕಾಂಕ್ರೀಟಿನ ಮಾದರಿಯನ್ನು ವಿಕಿರಣದ ಮೂಲದ ಮುಂದೆ ಉದ್ದನೆಯ ಇಕ್ಕಳದಿಂದ ಇಡಬೇಕೆಂಬುದು ನಿಯಮ. ಇಕ್ಕಳದಿಂದ ಇಟ್ಟರೆ ಒಂದಿಷ್ಟು ಅತ್ತಿತ್ತ ಆಗುತ್ತದೆ, ತೆಗೆದು ಮತ್ತೆ ಇಡಬೇಕು, ಅರ್ಧ ದಿನ ಅದರಲ್ಲೇ ಹೋಗುತ್ತದೆ. ಇವನು ಹತ್ತಿರ ಹೋಗಿ ಕೈಯಿಂದಲೇ ಇಡುತ್ತಿದ್ದ.

ಅಂಕಿ ಏರಿತೆಂದು ಅವನೇನೂ ಇಕ್ಕಳ ಹಿಡಿಯಲಿಲ್ಲ. ಹೋದ ತಿಂಗಳ ಮೊದಲ ದಿನ ಬ್ಯಾಡ್ಜನ್ನು ಮೇಜಿನ ಡ್ರಾಯರಿನಲ್ಲಿ ಮರೆತುಹೋದ. ಎರಡನೆಯ ದಿನ ಮರೆತಂತೆ ಮಾಡಿದ. ಮೂರನೆಯ ದಿನ ಡ್ರಾಯರಿಗೆ ಬೀಗ ಹಾಕಿದ. ಬಿಳಿ ಕೋಟಿನ ಗುಂಡಿಯನ್ನೆಲ್ಲ ಹಾಕಿಕೊಂಡವನ ಎದೆಯಲ್ಲಿ ಏನಿದೆ ಏನಿಲ್ಲ ಎಂದು ಯಾರು ನೋಡುತ್ತಾರೆ? ಇವತ್ತೂ ಹಾಗೆಯೇ ಕೊರಳತನಕ ಗುಂಡಿ ಹಾಕಿಕೊಂಡು ಬಂದಿದ್ದ.

ಆ ತಿಂಗಳ ಅಂಕಿಗಳ ಹಾಳೆ ಬೆಳಗ್ಗೆಯಷ್ಟೇ ಬಂದಿತ್ತು. ಅದು ಮೇಷ್ಟರ ಮೇಜಿನ ಮೇಲೆ, ಅವರ ಕನ್ನಡಕದ ಡಬ್ಬಿಯ ಕೆಳಗೆ ಇತ್ತು. ಅವರು ಓದಿದ್ದಾರೋ ಇಲ್ಲವೋ ಗೊತ್ತಾಗದೆ ಇಂದುಧರ ಒದ್ದಾಡುತ್ತಿದ್ದ. ಅದಕ್ಕೇ ಈ ಪ್ರಶ್ನೆ. 'ಏನೂ ಆಗಲ್ಲ ಬಿಡಪ್ಪ' ಎಂದು ಅವರ ಬಾಯಿಂದ ಒಂದು ಮಾತು ಬಂದರೆ ಸಾಕಿತ್ತು, ಎದ್ದು ಹಾಲಿಗೆ ಓಡುತ್ತಿದ್ದ.

ಮೇಷ್ಟರು ಗಡಿಯಾರದ ಕಡೆ ನೋಡಲೇ ಇಲ್ಲ. "ನಿನಗೆ ಅವಸರ ಇದೆ ಅಂತ ಕಾಣುತ್ತೆ. ಕತೆ ಚಿಕ್ಕದು, ಕೇಳು" ಎಂದರು.

"ಒಬ್ಬ ಬಾವಿ ತೋಡುವವನಿದ್ದ. ಹಳೆಯ ಬಾವಿಗಳ ಹೂಳೆತ್ತಿ, ನೀರು ಸಿಗುವ ತನಕ ಆಳ ಮಾಡುವುದು ಅವನ ಕಸುಬು. ಅಂಥ ಬಾವಿಗಳ ತಳದಲ್ಲಿ ಕೆಟ್ಟ ಗಾಳಿ ನಿಂತಿರುತ್ತದೆ. ಅದು ಕಣ್ಣಿಗೆ ಕಾಣುವುದಿಲ್ಲ, ಮೂಗಿಗೂ ತಿಳಿಯುವುದಿಲ್ಲ. ಅದಕ್ಕೆ ಅವನ ಅಪ್ಪ ಒಂದು ಪಾಠ ಹೇಳಿಕೊಟ್ಟಿದ್ದ. ಇಳಿಯುವಾಗ ಲಾಟೀನು ಜೊತೆಗಿರಲಿ. ಅಗೆಯುವಾಗ ಅದು ಕಾಲಬುಡದಲ್ಲಿರಲಿ. ದೀಪ ಸಣ್ಣಗಾದರೆ ಗುದ್ದಲಿ ಅಲ್ಲೇ ಬಿಟ್ಟು ಹತ್ತಿ ಬಾ. ಬೇವಿನ ಕೊಂಬೆ ಇಳಿಬಿಟ್ಟು ಗಾಳಿ ಕಲಕು, ಕಾದು ಕೂರು, ಆಮೇಲೆ ಇಳಿ.

"ಒಂದು ಊರಿನಲ್ಲಿ ಅವನಿಗೆ ಕೆಲಸ ಸಿಕ್ಕಿತು. ಪಕ್ಕದ ಹೊಲದಲ್ಲಿ ಇನ್ನೊಬ್ಬ ಅಗೆಯುತ್ತಿದ್ದ. ಯಾರ ಬಾವಿಯಲ್ಲಿ ಮೊದಲು ನೀರು ಬರುತ್ತದೋ ಊರಿನ ಉಳಿದ ಬಾವಿಗಳೆಲ್ಲ ಅವರಿಗೇ ಎಂದು ಊರವರು ಹೇಳಿದ್ದರು. ಇವನ ಬಾವಿಯ ಗಾಳಿ ಬಹಳ ಕೆಟ್ಟದು. ದಿನಕ್ಕೆ ನಾಲ್ಕು ಸಲ ದೀಪ ಸಣ್ಣಗಾಗುತ್ತಿತ್ತು. ನಾಲ್ಕು ಸಲ ಹತ್ತಬೇಕು, ನಾಲ್ಕು ಸಲ ಕಾಯಬೇಕು. ಕಾಯುವಾಗಲೆಲ್ಲ ಪಕ್ಕದ ಹೊಲದ ಗುದ್ದಲಿಯ ಸದ್ದು ಕೇಳುತ್ತಿತ್ತು."

ಇಂದುಧರನ ಕಾಲು ತನ್ನಷ್ಟಕ್ಕೆ ಕುಣಿಯುತ್ತಿತ್ತು. ಆ ಸದ್ದನ್ನು ಅವನು ಬಲ್ಲ. ತಿಂಗಳಿಂದ ಅದು ಅವನ ಕಿವಿಯಲ್ಲೇ ಇತ್ತು.

"ಒಂದು ದಿನ ಅವನು ಯೋಚಿಸಿದ. ದೀಪ ಸಣ್ಣಗಾದರೆ ಹತ್ತಬೇಕು ಎಂದು ಅಪ್ಪ ಹೇಳಿದ್ದಾನೆ. ಸಣ್ಣಗಾಗದಿದ್ದರೆ ಹತ್ತಬೇಕಾಗಿಲ್ಲ. ಮರುದಿನ ಲಾಟೀನನ್ನು ಬಾವಿಯ ಮೇಲೆ, ಗಡಗಡೆಯ ಕಂಬಕ್ಕೆ ನೇತುಹಾಕಿದ. ಮಣ್ಣಿನ ಬುಟ್ಟಿ ಎಳೆಯಲು ಅವನ ಹೆಂಡತಿ ಅಲ್ಲೇ ಇದ್ದಳು.

"'ಇದನ್ನ ಯಾಕೆ ಇಲ್ಲಿ ಬಿಟ್ಟೆ?' ಎಂದು ಅವಳು ಕೇಳಿದಳು.

"'ಇಲ್ಲಿದ್ದರೆ ಕೆಡೋದಿಲ್ಲ. ನಾನು ಕೇಳಿದಾಗ ಉರೀತಿದೆಯೋ ಇಲ್ಲವೋ ಹೇಳು, ಸಾಕು' ಎಂದ.

"ಅವನು ಇಳಿದ. ಸ್ವಲ್ಪ ಹೊತ್ತಿನ ಮೇಲೆ ಕೆಳಗಿನಿಂದ ಕೂಗಿದ, 'ದೀಪ ಉರೀತಿದೆಯಾ?' 'ಉರೀತಿದೆ' ಎಂದಳು. ಅಗೆದ. ಆ ದಿನ ಒಮ್ಮೆಯೂ ಹತ್ತಲಿಲ್ಲ. ಎರಡು ದಿನದ ಕೆಲಸ ಒಂದೇ ದಿನದಲ್ಲಿ ಆಯಿತು. ಹೆಂಡತಿಗೂ ಸಂತೋಷವಾಯಿತು.

"ಮೂರನೆಯ ದಿನ ಅವನಿಗೆ ತಲೆ ಭಾರವಾಯಿತು. ಕೂಗಿ ಕೇಳಿದ. 'ಚೆನ್ನಾಗಿ ಉರೀತಿದೆ' ಎಂದಳು. ಹಾಗಾದರೆ ಬಿಸಿಲಿಗೆ ಇರಬೇಕು ಎಂದುಕೊಂಡ. ನಾಲ್ಕನೆಯ ದಿನ ಕೈ ನಡುಗಿತು. ಕೇಳಿದ. ಉರಿಯುತ್ತಿತ್ತು. ಅಗೆದ. ತಳದಲ್ಲಿ ಮಣ್ಣು ಹಸಿಯಾಗಿತ್ತು. ಇನ್ನು ಒಂದು ಮೊಳಕ್ಕೆ ನೀರು.

"ಐದನೆಯ ದಿನ ಮಧ್ಯಾಹ್ನ ಸ್ವಲ್ಪ ಹೊತ್ತು ಕೆಳಗಿನಿಂದ ಬುಟ್ಟಿಯೂ ಬರಲಿಲ್ಲ, ಪ್ರಶ್ನೆಯೂ ಬರಲಿಲ್ಲ. ಕೇಳಲು ಮರೆತಿರಬೇಕು ಎಂದು ಅವಳೇ ಬಾವಿಗೆ ಬಗ್ಗಿ ಕೂಗಿ ಹೇಳಿದಳು, 'ದೀಪ ಉರೀತಿದೆ ಕಣಯ್ಯ! ಚೆನ್ನಾಗಿ ಉರೀತಿದೆ!'"

ಮೇಷ್ಟರು ಅಲ್ಲಿಗೆ ನಿಲ್ಲಿಸಿ ಲೋಟದಲ್ಲಿದ್ದ ನೀರು ಕುಡಿದರು. ಲೋಟ ಕೆಳಗಿಟ್ಟು ಅದರ ಮೇಲೆ ಮುಚ್ಚಳ ಇಟ್ಟರು. ಮುಂದುವರಿಸುವ ಲಕ್ಷಣ ಕಾಣಲಿಲ್ಲ. ಹನ್ನೊಂದಕ್ಕೆ ಇನ್ನು ಹತ್ತೇ ನಿಮಿಷವಿತ್ತು. ಇಂದುಧರ ಗಡಿಯಾರ ನೋಡುವುದನ್ನು ಬಿಟ್ಟಿದ್ದ. ಅವನ ಬಲಗೈ ತಾನಾಗಿ ಎದೆಯ ಮೇಲೆ, ಬ್ಯಾಡ್ಜ್ ಇರಬೇಕಾದ ಜಾಗಕ್ಕೆ ಹೋಗಿತ್ತು. ಕೇಳಬಾರದು ಎನಿಸಿತು. ಕೇಳದೆ ಇರುವುದಕ್ಕೂ ಆಗಲಿಲ್ಲ.

"ಆಮೇಲೆ ಏನಾಯ್ತು ಸರ್?"

ಮೇಷ್ಟರು ಕನ್ನಡಕದ ಡಬ್ಬಿಯನ್ನು ಪಕ್ಕಕ್ಕೆ ಸರಿಸಿ, ಹಾಳೆಯನ್ನು ಅವನ ಕಡೆಗೆ ತಿರುಗಿಸಿದರು. ವಿಭಾಗದ ಆಫೀಸಿನ ಗೋಡೆಯಲ್ಲಿ, ಯಾರೂ ಧರಿಸದ ಬ್ಯಾಡ್ಜೊಂದು ಹೋಲಿಸಿ ನೋಡಲೆಂದು ಸದಾ ಮೊಳೆಗೆ ತೂಗುತ್ತಿರುತ್ತದೆ. ಪಟ್ಟಿಯಲ್ಲಿ ಅದರ ಅಂಕಿಯೇ ಮೊದಲನೆಯದು. ಇಂದುಧರ ತನ್ನ ಹೆಸರನ್ನು ಹುಡುಕಿದ. ಅದರ ಮುಂದೆಯೂ ಅದೇ ಅಂಕಿ ಇತ್ತು.

"ದೀಪಕ್ಕೆ ಏನೂ ಆಗಲಿಲ್ಲ" ಎಂದರು ಮೇಷ್ಟರು.