ಸುಳ್ಳು ಹೇಳುತ್ತಿದ್ದ ಮುಳ್ಳು

"ಗುರುಗಳೇ, ಕೆಟ್ಟದ್ದನ್ನು ಸರಿ ಮಾಡಿದವನ ಮೇಲೂ ತಪ್ಪು ಬರುತ್ತದೆಯೇ?" ಎಂದು ಶಿಷ್ಯ ಮುರುಗೇಶ ಕೇಳಿದ.

ಮಠದ ಗಡಿಯಾರ ಎಷ್ಟೋ ವರ್ಷಗಳಿಂದ ಅರ್ಧ ಗಂಟೆ ಮುಂದೆ ಓಡುತ್ತಿತ್ತು. ಆ ದಿನ ಬೆಳಿಗ್ಗೆ ಮುರುಗೇಶ ಅದನ್ನು ಸರಿ ಮಾಡಿದ್ದ. ಅಡುಗೆಯ ಈರಯ್ಯನವರು ಎಂದಿನಂತೆ ಮನಸ್ಸಿನಲ್ಲೇ ಅರ್ಧ ಗಂಟೆ ಕಳೆದು ಒಲೆ ಹೊತ್ತಿಸಿದರು. ಪಂಕ್ತಿ ತಡವಾಯಿತು. ಹಸಿದ ಭಕ್ತರು ಮುದುಕರಾದ ಈರಯ್ಯನವರನ್ನು ಬೈದರು. ಗಡಿಯಾರ ಸರಿ ಮಾಡಿದ್ದು ತಾನೆಂದು ಮುರುಗೇಶ ಹೇಳಿರಲಿಲ್ಲ.

ಗುರುಗಳು ಒಂದು ಕತೆ ಹೇಳಿದರು.

ಒಂದು ಗಿರಣಿಗೆ ಒಬ್ಬ ಎಂಜಿನಿಯರ್ ಹೊಸದಾಗಿ ಬಂದ. ಮಾಪಕಗಳನ್ನು, ಬೆಂಕಿ ಬಿದ್ದರೆ ಮೊಳಗುವ ಗಂಟೆಗಳನ್ನು ನೋಡಿಕೊಳ್ಳುವುದು ಅವನ ಕೆಲಸ. ಓದು ಬೇಕಾದಷ್ಟಿತ್ತು, ಅನುಭವ ಸೊನ್ನೆ. ಬಾಯ್ಲರಿಗೆ ಬೆಂಕಿ ಹಾಕುವ ಮುದುಕ ಅವನನ್ನು ಮಗನಂತೆ ಹತ್ತಿರ ಕೂರಿಸಿಕೊಂಡು ಹಬೆಯ ಸದ್ದು ಕೇಳುವುದನ್ನು ಕಲಿಸಿದ. ತನ್ನ ಚಹಾದಲ್ಲಿ ಅರ್ಧ ಕೊಟ್ಟ. ದಿನವೂ ಬೆಳಿಗ್ಗೆ ಮುದುಕ ಒತ್ತಡದ ಮಾಪಕದ ಗಾಜನ್ನು ಬೆರಳಿನಿಂದ ತಟ್ಟಿ, "ಏನಪ್ಪಾ, ಇವತ್ತು ಎಷ್ಟು ಸುಳ್ಳು ಹೇಳ್ತೀಯಾ?" ಎನ್ನುತ್ತಿದ್ದ. ಎಂಜಿನಿಯರ್ ಅದನ್ನು ತಮಾಷೆ ಎಂದುಕೊಂಡು ನಗುತ್ತಿದ್ದ.

ಒಂದು ರಜಾದಿನ ಅವನು ಆ ಮಾಪಕವನ್ನು ಪರೀಕ್ಷಿಸಿದ. ಮುಳ್ಳು ಎರಡು ಅಂಕಿ ಹೆಚ್ಚು ತೋರಿಸುತ್ತಿತ್ತು. ಸರಿ ಮಾಡಿಟ್ಟ. ಮುದುಕನಿಗೆ ತಿಳಿಸಬೇಕೆಂದು ಅವನಿಗೆ ಹೊಳೆಯಲೇ ಇಲ್ಲ. ಸರಿಯಾದದ್ದನ್ನು ಹೇಳುವುದೇನಿದೆ?

ಒತ್ತಡ ಹತ್ತು ದಾಟುವಂತಿರಲಿಲ್ಲ. ಮುಳ್ಳು ಹನ್ನೆರಡಕ್ಕೆ ಬಂದರೆ ನಿಜವಾಗಿ ಹತ್ತು ಎಂಬುದು ಮುದುಕನ ಮೂವತ್ತು ವರ್ಷದ ಲೆಕ್ಕ. ಮರುದಿನವೂ ಹನ್ನೆರಡಾಗಲಿ ಎಂದು ಬೆಂಕಿ ಹಾಕುತ್ತಲೇ ಹೋದ. ಮುಳ್ಳು ಹನ್ನೊಂದಕ್ಕೆ ಬರುತ್ತಲೇ ಸುರಕ್ಷತಾ ಕವಾಟ ತಾನಾಗಿ ತೆರೆದು ಹಬೆ ಚೀರಿತು. ಗಿರಣಿಯವರೆಲ್ಲ ಹೊರಗೋಡಿದರು. ಪುಣ್ಯಕ್ಕೆ ಯಾರಿಗೂ ಏನೂ ಆಗಲಿಲ್ಲ. ಮುದುಕನಿಗೆ ಕಣ್ಣು ಮಂಜಾಗಿದೆ ಎಂದು ಯಜಮಾನ ಎಲ್ಲರ ಮುಂದೆ ಹೀಯಾಳಿಸಿದ. ಮುದುಕ "ಇರಬಹುದು" ಎಂದು ಕಣ್ಣುಜ್ಜಿಕೊಂಡ.

ಎಂಜಿನಿಯರ್‌ಗೆ ಆಗ ಎಲ್ಲವೂ ಅರ್ಥವಾಯಿತು. ಮಾಪಕ ಸರಿ ಮಾಡಿದ್ದು ತಾನೆಂದು ಹೇಳಬೇಕೆಂದುಕೊಂಡ. ನಾಳೆ ಹೇಳಿದರಾಯಿತು ಎಂದು ಮುಂದೂಡಿದ. ನಾಳೆ ಎಂದವನ ಮನೆ ಹಾಳು ಎನ್ನುತ್ತಾರೆ. ಇಲ್ಲಿ ಹಾಳಾದದ್ದು ಇನ್ನೊಬ್ಬನ ಬದುಕು. ಬೆಳಿಗ್ಗೆ ಬಂದು ನೋಡಿದರೆ ಮುದುಕನ ಜಾಗ ಖಾಲಿ. ತನ್ನ ಕಣ್ಣು ಹೋಯಿತೆಂದೇ ನಂಬಿ ಮಗಳ ಊರಿಗೆ ಹೊರಟುಹೋಗಿದ್ದ. ಅದು ಯಾವ ಊರೆಂದು ಯಾರಿಗೂ ಗೊತ್ತಿರಲಿಲ್ಲ.

ಆ ಎಂಜಿನಿಯರ್‌ಗೆ ಈಗ ವಯಸ್ಸಾಗಿದೆ. ಎಷ್ಟೋ ಕಾರ್ಖಾನೆಗಳಲ್ಲಿ ಮಾಪಕ ಕೂರಿಸಿದ, ಗಂಟೆ ಕಟ್ಟಿದ, ಹೆಸರು ಗಳಿಸಿದ. ಮಾಪಕ ಕಂಡಾಗಲೆಲ್ಲ ಅವನ ಕೈ ತಾನಾಗಿ ಗಾಜು ತಟ್ಟುತ್ತದೆ. ಆ ಅರ್ಧ ಲೋಟ ಚಹಾ, ಆ ಮಾತು ನೆನಪಾಗುತ್ತವೆ. ಯಾವ ಊರಿಗೆ ಹೋದರೂ ಅವನು ಮೊದಲು ಆ ಮುದುಕನನ್ನೇ ವಿಚಾರಿಸುತ್ತಾನೆ.

ಗುರುಗಳು ಕತೆ ನಿಲ್ಲಿಸಿದರು.

"ಆ ಮುದುಕ ಸಿಕ್ಕನೇ?" ಎಂದು ಮುರುಗೇಶ ಕೇಳಿದ.

"ಇಲ್ಲ. ಆದರೆ ನಮ್ಮ ಈರಯ್ಯನವರು ಇನ್ನೂ ಅಡುಗೆಮನೆಯಲ್ಲೇ ಇದ್ದಾರೆ" ಎಂದರು ಗುರುಗಳು.