ತಂಬೂರಿ ಸೋರೆಯ ಬೀಜ

"ಗುರುಗಳೇ, ಜೇನು ಇರಲಿ, ರೇಷ್ಮೆ ಹುಳವೂ ಇರಲಿ. ಉಳಿದ ಈ ಬೇಡದ ಹುಳುಹುಪ್ಪಟೆಗಳು ಲೋಕದಲ್ಲಿ ಏಕಿವೆ?"

ಪೂಜೆಗೆ ಹೂ ಬಿಡಿಸುತ್ತಿದ್ದ ಶಿಷ್ಯ ಕೇಳಿದ. ಹುಳ ಕೊಡವಿ ಕೊಡವಿ ಅವನಿಗೆ ಸಾಕಾಗಿತ್ತು. ಗುರುಗಳು ಒಂದು ಕತೆ ಹೇಳಿದರು.

ಒಬ್ಬ ರೈತ ತಂಬೂರಿಗೆ ಬೇಕಾಗುವ ದೊಡ್ಡ ಸೋರೆಕಾಯಿ ಬೆಳೆಯುತ್ತಿದ್ದ. ನೆಲದ ಮೇಲೆ ಹುಲ್ಲು ಹಾಸಿ ಕಾಯಿಯನ್ನು ಕೂರಿಸುತ್ತಿದ್ದ. ಅದು ಬಲಿತು ಒಣಗುವ ತನಕ ಯಾರನ್ನೂ ಮುಟ್ಟಗೊಡುತ್ತಿರಲಿಲ್ಲ. ಆ ತಳಿಯ ಬೀಜ ಅವನ ಮನೆಯಲ್ಲಿ ಬಿಟ್ಟರೆ ಬೇರೆಲ್ಲೂ ಇರಲಿಲ್ಲ. ಒಂದು ವರ್ಷ ಕುಡಿಕೆಯಲ್ಲಿದ್ದ ಬೀಜವನ್ನೆಲ್ಲ ಬಿತ್ತಿಬಿಟ್ಟ. ಹೇಗೂ ಹೊಸ ಕಾಯಿಯಿಂದ ಬೀಜ ಬರುತ್ತದಲ್ಲ ಎಂಬ ಧೈರ್ಯ.

ಬಳ್ಳಿ ಹಬ್ಬಿತು. ಎಲೆಗೆ ಹುಳ ಬಿತ್ತು. ರೈತನ ಸಿಟ್ಟು ನೆತ್ತಿಗೇರಿತು. ಅವು ಪತಂಗದ ಮರಿಗಳೆಂದು ಯಾರೋ ಹೇಳಿದ್ದರು. ಸಂಜೆ ಅರಳುವ ಬಿಳಿ ಹೂಗಳ ಸುತ್ತ ದೊಡ್ಡ ಪತಂಗಗಳು ಸುಳಿಯುವುದನ್ನು ಅವನೇ ಕಂಡಿದ್ದ. ಇನ್ನೇನು ಬೇಕು? ನೀರು ತುಂಬಿದ ಬೋಗುಣಿಯ ಮೇಲೆ ದೀಪ ತೂಗುಹಾಕಿದ. ಬೆಳಕಿಗೆ ಬಂದ ಪತಂಗಗಳೆಲ್ಲ ನೀರಿಗೆ ಬಿದ್ದು ಸತ್ತವು. ದಿನಾ ಹಾಗೆಯೇ ಮಾಡಿದ. ಎಲೆ ಚೇತರಿಸಿಕೊಂಡಿತು, ಬಳ್ಳಿಯ ತುಂಬ ಹೂವಾಯಿತು. ರೈತ ಮೀಸೆ ತಿರುವಿದ.

ಆದರೆ ಹೀಚು ನಿಲ್ಲಲಿಲ್ಲ. ಒಂದೊಂದಾಗಿ ಹಳದಿಗಟ್ಟಿ ಉದುರಿದವು. ನೀರು ಹೆಚ್ಚಿಸಿದ, ಗೊಬ್ಬರ ಹಾಕಿದ, ಹರಕೆ ಹೊತ್ತ. ಹೂವಿನ ಕಾಲ ಮುಗಿಯುತ್ತ ಬಂತು. ಒಂದು ಕಾಯಿಯಾದರೂ ನಿಲ್ಲದಿದ್ದರೆ ತಳಿಯೇ ಹೋಯಿತು. ರೈತನಿಗೆ ಅಳು ಬಂತು.

ಬೋಗುಣಿಯ ನೀರು ಚೆಲ್ಲಲು ಹೋದ ಹೆಂಡತಿ ಸತ್ತ ಪತಂಗಗಳ ಮೈಮೇಲೆ ಹೂವಿನ ಹುಡಿ ಕಂಡಳು.

"ಅಲ್ರೀ, ಬಳ್ಳೀಲಿ ಗಂಡು ಹೂವೂ ಇದೆ, ಹೆಣ್ಣು ಹೂವೂ ಇದೆ. ನಡುವೆ ಓಡಾಡೋರನ್ನೇ ಕೊಂದು ಹಾಕಿದ್ರೆ ಸಂಬಂಧ ಹೇಗ್ರೀ ಕುದುರುತ್ತೆ?"

ಆ ಸಂಜೆ ರೈತ ದೀಪ ಹಚ್ಚಲಿಲ್ಲ. ಉಳಿದಿದ್ದ ಒಂದೇ ಹೆಣ್ಣು ಹೂವಿನ ಮುಂದೆ ಕುಳಿತ. ನಿನ್ನೆಯವರೆಗೆ ಶಪಿಸುತ್ತಿದ್ದವನು ಇಂದು "ಬಾರಪ್ಪಾ, ಬಾ" ಎಂದು ಅಂಗಲಾಚಿದ. ಕತ್ತಲಾಗುವ ಹೊತ್ತಿಗೆ ಎಲ್ಲಿಂದಲೋ ಒಂದು ಪತಂಗ ಬಂತು. ಒಂದು ಕಾಯಿ ನಿಂತಿತು. ತಂಬೂರಿಗೆ ಸಾಲದ ಕಾಯಿ, ಆದರೆ ಒಳಗೆ ಬೀಜವಿತ್ತು.

ಕತೆ ಕೇಳಿದ ಶಿಷ್ಯ ತಲೆದೂಗಿದ. "ಅರ್ಥವಾಯಿತು ಗುರುಗಳೇ. ಜೇನಿನಂತೆ ಪತಂಗವೂ ಬೇಕು. ಹಾಗಾದರೆ ಬೇಡದವುಗಳನ್ನು ಮಾತ್ರ ಕೊಂದರಾಯಿತು."

"ಆ ರೈತನೂ ಬೇಡದವುಗಳನ್ನು ಮಾತ್ರವೇ ಕೊಂದಿದ್ದನಪ್ಪ" ಎಂದರು ಗುರುಗಳು.