ಚಟ್ಟದ ಮೇಲಿನ ನಗು

"ಗುರುಗಳೇ, ಸಾವಿನ ಮನೆಯಲ್ಲಿ ಏನು ಮಾತಾಡಬೇಕು?" ಎಂದು ಶಿಷ್ಯ ಕೇಳಿದ.

ಮಠದ ಕೆಳಗಿನ ಊರಲ್ಲಿ ಒಬ್ಬ ತಾಯಿಯ ಮಗಳು ತೀರಿಕೊಂಡಿದ್ದಳು. ಸಮಾಧಾನ ಹೇಳಿ ಬಾ ಎಂದು ಗುರುಗಳು ಶಿಷ್ಯನನ್ನು ಕಳಿಸಿದ್ದರು. ಅವನು ಹೋಗಿ ಕುಳಿತು, ದೇಹ ನಶ್ವರ ಎಂದ. ಹುಟ್ಟಿದವರು ಒಂದು ದಿನ ಹೋಗಲೇಬೇಕು ಎಂದ. ಆತ್ಮಕ್ಕೆ ಸಾವಿಲ್ಲ ಎಂದ. ಒಂದು ಮಾತೂ ತಪ್ಪಿರಲಿಲ್ಲ. ತಾಯಿ ಎಲ್ಲವನ್ನೂ ಕೇಳಿಸಿಕೊಂಡು, ಕೈ ಮುಗಿದು, ಎದ್ದು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಮಗಳನ್ನು ಮಣ್ಣು ಮಾಡಿ ಬಂದಾಗಿನಿಂದ ಆಕೆ ಒಂದು ತುತ್ತು ಅನ್ನ ಮುಟ್ಟಿರಲಿಲ್ಲ.

"ನಾಳೆ ಮತ್ತೆ ಹೋಗಬೇಕು. ಹೀಗೇ ಇದ್ದರೆ ಆಕೆ ಉಳಿಯುವುದಿಲ್ಲ ಎಂದು ಊರವರು ಹೇಳುತ್ತಾರೆ. ನಾನು ಇನ್ನೂ ಹೆಚ್ಚು ಓದಿಕೊಂಡು ಹೋಗಬೇಕಿತ್ತೇ?"

"ಓದಿದಷ್ಟಕ್ಕೇ ಆಕೆ ಬಾಗಿಲು ಹಾಕಿಕೊಂಡಿದ್ದಾಳೆ. ಇನ್ನೂ ಹೆಚ್ಚು ಓದಿದರೆ ಊರು ಬಿಟ್ಟು ಹೋದಾಳು," ಎಂದರು ಗುರುಗಳು. "ಕೂತುಕೋ ಮರಿ. ಒಂದು ದೆವ್ವದ ಸಿನಿಮಾದ ಕತೆ ಹೇಳುತ್ತೇನೆ."

ಶಿಷ್ಯನ ಮುಖ ನೋಡಿ ಅವರಿಗೆ ನಗು ಬಂತು.

"ಯಾಕೆ, ಮಠದಲ್ಲಿ ಸಿನಿಮಾದ ಮಾತು ಎತ್ತಿದರೆ ಮೈಲಿಗೆಯೇ? ಸಿನಿಮಾದವರ ಕಷ್ಟ ನಮಗಿಲ್ಲ. ಟಿಕೆಟ್ ಕೊಂಡವನು ಬೇಸರವಾದರೆ ಎದ್ದು ಹೋಗುತ್ತಾನೆ. ನಮ್ಮ ಮುಂದೆ ಕೂತವನು ಪಾಪ, ಮರ್ಯಾದೆಗೆ ಕೂತಿರುತ್ತಾನೆ."

ಹೀಗೆಂದು ಗುರುಗಳು ಕತೆ ಶುರು ಮಾಡಿದರು.

ಒಬ್ಬ ನಿರ್ದೇಶಕನಿದ್ದ. ನಿರ್ದೇಶಕ ಎಂದು ಅವನೇ ಹೇಳಿಕೊಳ್ಳುತ್ತಿದ್ದ, ಮದುವೆ ಮನೆಗಳಲ್ಲಿ ವಿಡಿಯೊ ತೆಗೆದು ಹೊಟ್ಟೆ ಹೊರೆಯುತ್ತಿದ್ದ. ಒಂದಾದರೂ ಸಿನಿಮಾ ಮಾಡಬೇಕೆಂಬುದು ಅವನ ಆಸೆ. ಕಡಿಮೆ ಖರ್ಚಿನಲ್ಲಿ ಆಗುವುದು ದೆವ್ವದ ಸಿನಿಮಾ ಒಂದೇ ಎಂದು ಯಾರೋ ಹೇಳಿದರು. ದೆವ್ವಕ್ಕೆ ಒಳ್ಳೆಯ ಸೀರೆ ಬೇಡ, ವಿದೇಶದಲ್ಲಿ ಹಾಡು ಬೇಡ, ಕತ್ತಲೆಯಂತೂ ಪುಕ್ಕಟೆ ಸಿಗುತ್ತದೆ. ಕೈ ಬಿಗಿ ಇರುವ ಒಬ್ಬ ನಿರ್ಮಾಪಕ ಒಪ್ಪಿದ. ಒಬ್ಬ ಕ್ಯಾಮೆರಾದವನು, ಒಬ್ಬ ಶಬ್ದದವನು, ಒಬ್ಬ ಸಂಕಲನಕಾರ ಜೊತೆ ಸೇರಿದರು. ಮುಚ್ಚಿಹೋಗಿದ್ದ ಒಂದು ಹತ್ತಿ ಮಿಲ್ಲಿನಲ್ಲಿ ಚಿತ್ರೀಕರಣ ಶುರುವಾಯಿತು.

ಕತೆ ಹಳೆಯದೇ. ಅನ್ಯಾಯವಾಗಿ ಸತ್ತ ಹೆಣ್ಣುಮಗಳು ದೆವ್ವವಾಗಿ ಬಂದು ಕೊಂದವರನ್ನು ಕಾಡುತ್ತಾಳೆ. ಕೊನೆಗೆ ಮಂತ್ರವಾದಿಯೊಬ್ಬ ಅವಳನ್ನು ಸುಡುತ್ತಾನೆ. ದೆವ್ವದ ಪಾತ್ರಕ್ಕೆ ನಾಟಕ ಕಂಪನಿಯ ಒಬ್ಬ ನಟಿಯನ್ನು ಕರೆಸಿದ್ದರು.

ಸಿನಿಮಾದವರಲ್ಲಿ ಒಂದು ರೂಢಿ ಇದೆ ಮರಿ. ಯಾರಾದರೂ ಹೆಣವಾಗಿ ಮಲಗಿ ನಟಿಸಿದರೆ, ಶಾಟ್ ಮುಗಿದ ಕೂಡಲೇ ಕ್ಯಾಮೆರಾ ನಿಲ್ಲಿಸುವುದಿಲ್ಲ. ಹೆಣವಾದವರು ಎದ್ದು ಕೂತು, ಕ್ಯಾಮೆರಾ ನೋಡಿ ನಗಬೇಕು. ಆಗ ಅಪಶಕುನ ಕಳೆಯಿತು ಎಂದು ಅವರ ನಂಬಿಕೆ. ಆ ನಗು ಸಿನಿಮಾಕ್ಕೆ ಸೇರುವುದಲ್ಲ. ಅದನ್ನು ಕತ್ತರಿಸಿ ಎಸೆಯುತ್ತಾರೆ. ಯಾರೂ ಅದನ್ನು ಕೆಲಸ ಎಂದೇ ತಿಳಿಯುವುದಿಲ್ಲ.

ನಟಿಯನ್ನು ಚಟ್ಟದ ಮೇಲೆ ಮಲಗಿಸುವ ದಿನ ಬಂತು. ಹಣೆಗೆ ನಾಣ್ಯ ಅಂಟಿಸಿದರು, ಕೊರಳಿಗೆ ಹೂವಿನ ಹಾರ ಹಾಕಿದರು. ಸುತ್ತ ಕೂತ ಹೆಂಗಸರು ಅಳತೊಡಗಿದರು. ಅದೇ ಹೊತ್ತಿಗೆ ನಟಿಯ ತಾಯಿ ಬುತ್ತಿ ಕಟ್ಟಿಕೊಂಡು ಬಂದಳು. ಮಗಳ ಸಿನಿಮಾ ಕೆಲಸವನ್ನು ಕಣ್ಣಾರೆ ನೋಡುವ ಹಂಬಲ ಆಕೆಗೆ. ಅವತ್ತು ಯಾವ ದೃಶ್ಯ ಎಂದು ಆಕೆಗೆ ಯಾರೂ ಹೇಳಿರಲಿಲ್ಲ. ನೇರವಾಗಿ ಕ್ಯಾಮೆರಾದ ಹಿಂದೆ ಬಂದು ನಿಂತು ನೋಡಿದಳು. ಕೈಯಲ್ಲಿದ್ದ ಬುತ್ತಿ ಜಾರಿ ಬಿತ್ತು.

ಸದ್ದಿಗೆ ನಟಿ ಕಣ್ಣು ಬಿಟ್ಟಳು. ಎದುರಿಗೆ ತಾಯಿಯನ್ನು ಕಂಡಳು. ಎದ್ದು ಕೂತು, ತಾಯಿಯ ಕಡೆ ನೋಡಿ ನಕ್ಕಳು.

"ಯವ್ವಾ, ಹೆದರಬ್ಯಾಡ. ನಾ ಇಲ್ಲೇ ಅದೀನಿ ನೋಡು," ಎಂದಳು.

ಹೇಗೋ ರೂಢಿಯ ನಗು ಆಯಿತಲ್ಲ ಎಂದು ಕ್ಯಾಮೆರಾದವನು ಕ್ಯಾಮೆರಾ ನಿಲ್ಲಿಸಿದ. ತಾಯಿ ಓಡಿಹೋಗಿ ಮಗಳನ್ನು ತಬ್ಬಿಕೊಂಡಳು, ಆಮೇಲೆ ಬೆನ್ನಿಗೆ ಗುದ್ದಿದಳು, ಮತ್ತೆ ತಬ್ಬಿಕೊಂಡಳು. ಆ ದಿನ ಎಲ್ಲರೂ ಆಕೆಯ ರೊಟ್ಟಿಯನ್ನು ಧೂಳು ಕೊಡವಿ ಹಂಚಿಕೊಂಡು ತಿಂದರು.

ಕೊನೆಯ ದೃಶ್ಯ ಕೆಟ್ಟಿತು. ದೆವ್ವವನ್ನು ಸುಡುವಾಗ ಹೊಗೆ ತುಂಬಿಕೊಂಡು ದೆವ್ವವೂ ಕಾಣಲಿಲ್ಲ, ಮಂತ್ರವಾದಿಯೂ ಕಾಣಲಿಲ್ಲ. ಮತ್ತೊಮ್ಮೆ ತೆಗೆಯೋಣ ಎಂದರೆ ನಿರ್ಮಾಪಕ ಆಗಲೇ ಕುಂಬಳಕಾಯಿ ಒಡೆಸಿಬಿಟ್ಟಿದ್ದ. ಕುಂಬಳಕಾಯಿ ಒಡೆದರೆ ಚಿತ್ರೀಕರಣ ಮುಗಿದಂತೆ. ಅದನ್ನು ದಾಟಿ ಇನ್ನು ಬಿಡಿಗಾಸು ಬಿಚ್ಚುವ ಗಿರಾಕಿ ಅವನಲ್ಲ. ಕೊನೆಯೇ ಇಲ್ಲದ ಸಿನಿಮಾವನ್ನು ಹೇಗೆ ತೋರಿಸುವುದು? ಸಂಕಲನಕಾರ ತಲೆ ಕೆರೆದುಕೊಂಡು, ಎಸೆಯಬೇಕಿದ್ದ ಆ ನಗುವನ್ನು ತಂದು ಕೊನೆಗೆ ಅಂಟಿಸಿದ. ಮಾತು ಕೇಳಿಸಿದರೆ ಗುಟ್ಟು ರಟ್ಟಾಗುತ್ತದೆ ಎಂದು ಶಬ್ದದವನು ದನಿಯನ್ನು ತೆಗೆದುಹಾಕಿದ. ನಗುವೂ ತುಟಿ ಅಲುಗುವುದೂ ಮಾತ್ರ ಉಳಿದವು. ನಿರ್ದೇಶಕನಿಗೆ ಆ ತೇಪೆ ಕಂಡು ನಾಚಿಕೆಯಾಯಿತು. ಹರಿದ ಅಂಗಿಗಿಂತ ತೇಪೆಯ ಅಂಗಿ ವಾಸಿ ಎಂದು ಸುಮ್ಮನಾದ.

ಸಿನಿಮಾ ಒಂದು ಹಳೆಯ ಟಾಕೀಸಿನಲ್ಲಿ ಬಿಡುಗಡೆಯಾಯಿತು. ಮೊದಮೊದಲು ಪರದೆಯನ್ನು ನೋಡಿದ್ದು ಬರೀ ಕುರ್ಚಿಗಳು. ಆಮೇಲೆ ಜನ ಬಂದರು. ಬಂದವರು ಮತ್ತೆ ಬಂದರು, ಬರುವಾಗ ಮನೆಯವರನ್ನೂ ಕರೆತಂದರು. ದೊಡ್ಡ ನಟರ ಸಿನಿಮಾಗಳು ಪಕ್ಕದ ಟಾಕೀಸಿಗೆ ಬಂದು ಹೋದವು, ಇದು ಮಾತ್ರ ಜಾಗ ಬಿಟ್ಟು ಕದಲಲಿಲ್ಲ. ಬೇರೆ ಊರುಗಳ ಟಾಕೀಸಿನವರು ಹುಡುಕಿಕೊಂಡು ಬಂದರು.

ಯಾಕೆ ಗೆದ್ದಿತು ಎಂದು ಗೆದ್ದವರಿಗೇ ತಿಳಿಯಲಿಲ್ಲ. ಚಹದ ಅಂಗಡಿಯಲ್ಲಿ ಕೂತು ಚರ್ಚೆ ಮಾಡಿದರು. ಗೆದ್ದೆತ್ತಿನ ಬಾಲ ಹಿಡಿಯಲು ಎಲ್ಲರಿಗೂ ಆತುರ. ನನ್ನ ಕತ್ತಲೆ ಗೆದ್ದಿತು ಎಂದ ಕ್ಯಾಮೆರಾದವನು. ಅವನಿಗೆ ಕೊಟ್ಟ ದೀಪಗಳಲ್ಲಿ ಅರ್ಧ ಹತ್ತುತ್ತಲೇ ಇರಲಿಲ್ಲ ಎಂಬುದನ್ನು ಅವನು ಮರೆತಿದ್ದ. ನನ್ನ ಬಾಗಿಲು ಕಿರುಗುಟ್ಟಿದ್ದು ಗೆದ್ದಿತು ಎಂದ ಶಬ್ದದವನು. ಒಳ್ಳೆಯ ಗಳಿಗೆಯಲ್ಲಿ ಕುಂಬಳಕಾಯಿ ಒಡೆಸಿದ್ದು ಗೆದ್ದಿತು ಎಂದ ನಿರ್ಮಾಪಕ. ತೇಪೆಯ ಮಾತನ್ನು ಯಾರೂ ಎತ್ತಲಿಲ್ಲ. ತೇಪೆ ಹಾಕಿದ್ದ ಸಂಕಲನಕಾರನೂ ಎತ್ತಲಿಲ್ಲ.

ನಿರ್ಮಾಪಕ ನಿರ್ದೇಶಕನನ್ನು ಒಂದು ಕಡೆ ಕರೆದು ಹೇಳಿದ, "ಇನ್ನೊಂದು ಸಿನಿಮಾ ಮಾಡೋಣ. ಇದು ಯಾಕೆ ಗೆದ್ದಿತು ಎಂದು ತಿಳಿದುಕೊಂಡು ಬಾ. ಅದನ್ನೇ ಅದರಲ್ಲೂ ಹಾಕು. ತಿಳಿಯದಿದ್ದರೆ ಬೇರೆ ನಿರ್ದೇಶಕರಿದ್ದಾರೆ."

ಸೋತಿದ್ದರೆ ಅವನು ಒಂದು ದಿನ ಅತ್ತು ಮಲಗುತ್ತಿದ್ದ. ಯಾಕೆಂದು ಗೊತ್ತಿಲ್ಲದೆ ಗೆದ್ದವನಿಗೆ ನಿದ್ದೆ ಇಲ್ಲ. ತಿಳಿಯದಿದ್ದರೆ ಮತ್ತೆ ಮದುವೆ ವಿಡಿಯೊ. ಟಾಕೀಸಿಗೆ ಹೋದ. ತನ್ನ ಸಿನಿಮಾವನ್ನು ನೋಡಿ ನೋಡಿ ಅವನಿಗೆ ಸಾಕಾಗಿತ್ತು. ಅದಕ್ಕೇ ಪರದೆಯ ಪಕ್ಕದ ಬಾಗಿಲಲ್ಲಿ ನಿಂತು, ನೋಡುವವರ ಕಡೆಗೆ ಮುಖ ಮಾಡಿದ.

ದೆವ್ವ ಕಿರುಚಿತು. ಒಬ್ಬ ಕಡಲೆಕಾಯಿ ಸುಲಿಯುತ್ತಿದ್ದ. ಬಾಗಿಲು ಕಿರುಗುಟ್ಟಿತು. ಒಬ್ಬಾಕೆ ತೂಕಡಿಸುತ್ತಿದ್ದಳು. ಇವರು ಯಾತಕ್ಕೆ ಬರುತ್ತಾರೆ ಹಾಗಾದರೆ? ಕೊನೆಗೆ ಹೊಗೆ ಬಂತು, ಹೊಗೆಯ ಹಿಂದೆ ತೇಪೆ ಬಂತು. ಕಡಲೆಕಾಯಿಯವನ ಕೈ ನಿಂತಿತು. ತೂಕಡಿಸುತ್ತಿದ್ದಾಕೆಯನ್ನು ಪಕ್ಕದವರು ಎಬ್ಬಿಸಿದರು. ಟಾಕೀಸಿನಲ್ಲಿದ್ದವರೆಲ್ಲ ನೆಟ್ಟಗೆ ಕೂತರು. ಚಟ್ಟದ ಮೇಲಿನ ಹೆಣ್ಣುಮಗಳು ಎದ್ದು, ಅವರ ಕಡೆ ನೋಡಿ, ನಕ್ಕಳು. ಅಷ್ಟೂ ಜನರ ಕಣ್ಣುಗಳು ತುಂಬಿದ್ದವು. ಒಬ್ಬರೂ ಹೆದರಿರಲಿಲ್ಲ.

ಹೊರಗೆ ಬರುತ್ತಿದ್ದ ಒಬ್ಬ ಮುದುಕನನ್ನು ನಿರ್ದೇಶಕ ನಿಲ್ಲಿಸಿ ಕೇಳಿದ, "ಯಜಮಾನ್ರ, ದೆವ್ವ ಬಂದಾಗ ನಿಮಗ ಅಂಜಿಕಿ ಆಗೂದಿಲ್ಲೇನ್ರಿ?"

"ಅದು ಬಂದಾಗ ನಾ ಕಣ್ಣು ಮುಚ್ಚಿ ಕುಂದರತೀನಿ ತಮ್ಮಾ. ನಾ ಬರೂದು ಕಡೀಕ ಆಕಿ ನಗತಾಳಲ್ಲ, ಅದಕ್ಕ. ನನ್ನ ಹೆಂಡತಿ ಹೋದಾಗ ನಾ ಊರಾಗ ಇರಲಿಲ್ಲ. ಬಂದು ನೋಡೂದ್ರಾಗ ಚಟ್ಟದ ಮ್ಯಾಲಿದ್ಲು. ಆಮ್ಯಾಲ ಯಾವಾಗ ನೆನಸಿಕೊಂಡ್ರೂ ಅದ ಮುಖ. ಇಷ್ಟು ವರ್ಷ ಕೂಡಿ ಬಾಳಿದ್ದು ಎಲ್ಲಿ ಹೋತೋ ಏನೋ. ಈ ಹುಡುಗಿ ಎದ್ದು ನಕ್ಕದ್ದು ನೋಡಿದೆ ನೋಡು, ನಮ್ಮಾಕಿ ನಗೂದು ನನಗ ತಿರುಗಿ ಸಿಕ್ತು."

"ಆಕಿ ಏನೋ ಅಂತಾಳಲ್ಲ, ಏನಂತ ತಿಳದೀರಿ?"

"'ಉಂಡ್ರೇನು' ಅಂತಾಳ. ಇನ್ನೇನು ಅಂತಾಳ?"

ಹಿಂದೆ ಬರುತ್ತಿದ್ದ ಒಬ್ಬ ಹೆಂಗಸು, "ಅಲ್ಲ ಬಿಡ್ರಿ, 'ಅವ್ವಾ' ಅಂತಾಳ," ಎಂದು ಹೇಳಿ ಸೆರಗಿನಲ್ಲಿ ಕಣ್ಣೊರೆಸಿಕೊಂಡು ಹೋದಳು.

ಇಲ್ಲಿ ಒಂದು ಮಾತು ನೋಡು ಮರಿ. ಆ ನಗು ಯಾರಿಗೆಂದು ಹುಟ್ಟಿತ್ತೋ ಆ ತಾಯಿ ಕ್ಯಾಮೆರಾದ ಹಿಂದೆ ನಿಂತಿದ್ದಳು. ಟಾಕೀಸಿನಲ್ಲಿ ಕೂತವರೆಲ್ಲ ತಮಗೆ ಗೊತ್ತಿಲ್ಲದೆ ಅದೇ ಜಾಗದಲ್ಲಿ ಕೂತಿದ್ದರು.

ನಿರ್ದೇಶಕ ಕಂಡದ್ದನ್ನು ಹೇಳಿದ. ನಿರ್ಮಾಪಕ ತೊಡೆ ತಟ್ಟಿದ. ಹೊಸ ಸಿನಿಮಾದಲ್ಲಿ ಎಲ್ಲೆಲ್ಲಿ ಹೆಣ ಬೀಳುತ್ತದೋ ಅಲ್ಲೆಲ್ಲ ಒಂದೊಂದು ನಗು ಹಾಕು ಎಂದ. ಅದೇ ನಟಿಯನ್ನು ಕರೆಸಿದರು. ಈ ಸಲ ಚಟ್ಟಕ್ಕೆ ಮಲ್ಲಿಗೆಯನ್ನೇ ಸುರಿದರು, ದೀಪಗಳೆಲ್ಲ ಹತ್ತಿದವು. ನಟಿ ಮಲಗಿದಳು, ಎದ್ದಳು, ನಕ್ಕಳು. ಚೆನ್ನಾಗಿಯೇ ನಕ್ಕಳು. ನಿರ್ದೇಶಕ ಮತ್ತೊಮ್ಮೆ ನಗು ಎಂದ, ಇನ್ನೊಮ್ಮೆ ನಗು ಎಂದ. ಅವನ ಮನಸ್ಸಿಗೆ ಬರಲಿಲ್ಲ. ಅವತ್ತಿನ ಹಾಗೆ ಯಾಕೆ ನಗುತ್ತಿಲ್ಲ ಎಂದು ಕೇಳಿದ.

"ಅವತ್ತ ನಾ ಎಲ್ಲಿ ನಕ್ಕೀನ್ರಿ ಸರ?" ಎಂದಳು ನಟಿ. "ನಮ್ಮವ್ವ ಹೆದರಿದ್ಲು. ಆಕಿಗೆ ಸಮಾಧಾನ ಮಾಡಿದ್ನಿ."

ನಿರ್ದೇಶಕ ಕ್ಯಾಮೆರಾ ನಿಲ್ಲಿಸು ಎಂದ. ಈ ಸರಕು ಹೇಳಿ ಮಾಡಿಸುವಂಥದ್ದಲ್ಲ ಎಂದು ನಿರ್ಮಾಪಕನಿಗೆ ತಿಳಿಸಿದ. ನಿರ್ಮಾಪಕ ಬೇರೆ ನಿರ್ದೇಶಕನನ್ನು ಹುಡುಕಿಕೊಂಡ.

ಶಿಷ್ಯನಿಗೆ ತಡೆಯಲಾಗಲಿಲ್ಲ. "ಇವನ ಗತಿ ಏನಾಯಿತು, ಗುರುಗಳೇ?"

"ಇನ್ನೇನಾಗುತ್ತದೆ, ಮದುವೆ ವಿಡಿಯೊಗೆ ಹೋದ," ಎಂದರು ಗುರುಗಳು. "ಆದರೆ ಮೊದಲಿನ ಹಾಗೆ ಅಲ್ಲ. ಈಗ ಮುಹೂರ್ತ ಮುಗಿದ ಕೂಡಲೇ ಮಂಟಪ ಬಿಟ್ಟು ಇಳಿದುಬಿಡುತ್ತಾನೆ. ಮೂಲೆಯಲ್ಲಿ ಕೂತ ಅಜ್ಜಿಯ ಎದುರು ಮೊಮ್ಮಗಳನ್ನು ತಂದು ನಿಲ್ಲಿಸುತ್ತಾನೆ, ಅಜ್ಜಿ ನಗುವವರೆಗೂ ಕಾಯುತ್ತಾನೆ. ಬೀಗರು ಊಟಕ್ಕೆ ಕೂತದ್ದನ್ನು ತೆಗೆಯಲಿಲ್ಲ ಎಂದು ಮದುವೆ ಮನೆಯವರು ಅವನನ್ನು ಬೈಯುತ್ತಾರೆ. ಕೆಲವು ವರ್ಷ ಕಳೆದು ಅಜ್ಜಿ ಹೋದ ಮೇಲೆ ಅವರೇ ಅವನ ಮನೆ ಹುಡುಕಿಕೊಂಡು ಬರುತ್ತಾರೆ. ಊಟದ ಪಂಕ್ತಿ ತೋರಿಸು ಎಂದು ಇದುವರೆಗೆ ಯಾರೂ ಕೇಳಿಲ್ಲವಂತೆ."

ಬಾಗಿಲು ಹಾಕಿಕೊಂಡ ತಾಯಿ ಶಿಷ್ಯನ ಕಣ್ಣ ಮುಂದಿದ್ದಳು. ಆಕೆಯ ಕಣ್ಣಲ್ಲಿ ಈಗ ಯಾವ ಮುಖ ಕೂತಿರಬಹುದು ಎಂದು ಅವನಿಗೆ ಹೊಳೆದಿತ್ತು. ಹೊಳೆದದ್ದರಿಂದ ಅವನ ಸಂಕಟ ಹೆಚ್ಚಾಯಿತು.

"ನನ್ನ ಬಳಿ ಕ್ಯಾಮೆರಾ ಇಲ್ಲ, ಗುರುಗಳೇ. ಆ ಹುಡುಗಿಯನ್ನು ನಾನು ಒಮ್ಮೆಯೂ ಕಂಡವನಲ್ಲ. ಹೋದವಳ ನಗುವನ್ನು ನಾಳೆ ಎಲ್ಲಿಂದ ತಂದು ಆಕೆಗೆ ಕೊಡಲಿ?"

ಗುರುಗಳು ಅವನ ಬೆನ್ನ ಮೇಲೆ ಕೈ ಇಟ್ಟರು.

"ತರುವುದು ಇರಲಿ ಮರಿ, ನಿನ್ನ ಮಗಳು ಹೇಗೆ ನಗುತ್ತಿದ್ದಳವ್ವಾ ಎಂದು ಆ ತಾಯಿಯನ್ನು ಒಂದು ಮಾತು ಕೇಳಿದೆಯಾ?"